ಓದುಗರ ಪ್ರಶ್ನೆ, ಟೀಚರ್ ಉತ್ತರ: ಗುಡ್ಡೆಗೆ ಬಣ್ಣ ಹಚ್ಚುವ ಮೊದಲು

(ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಈಗ ಅಡಿಕೆ ಕೃಷಿಯ ಜೊತೆಗೆ ಪಂಚಾಯತಿನ ಜೀವವೈವಿಧ್ಯ ಸಮಿತಿಯಲ್ಲಿ ದುಡಿಯುತ್ತಿರುವ ಅಂಕಣಕಾರ್ತಿ ಈ ಸಲ ನೆಲ, ನೀರು, ಪಂಚಾಯತು ನಕ್ಷೆಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಟೀಚರ್, ನಮ್ಮ ಮನೆಯ ಹಿಂದೆ ದೊಡ್ಡ ಪದವು (ಮೇಲೆ ಅಗಲವಾಗಿ ಹರಡಿದ ಬೋಳು ಕಲ್ಲುಗುಡ್ಡ) ಇದೆ. ಅದರ ಬುಡದಲ್ಲಿರುವ ಏಳೆಂಟು ಮನೆಗಳಿಗೆ ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗದ ನೀರೇ ಆಧಾರ. ಈಗ ಪಂಚಾಯತಿನ ಮಾಸ್ಟರ್ ಪ್ಲಾನ್ ಕರಡಿನಲ್ಲಿ ಆ ಪದವಿಗೆ ಕೈಗಾರಿಕೆಯ ಬಣ್ಣ ಹಚ್ಚಿದ್ದಾರೆ. ವಿಚಾರಿಸಿದರೆ, "ಇದು ಬರೀ ನಕ್ಷೆ. ಫ್ಯಾಕ್ಟರಿ ಬರುವಾಗ ಪರಿಸರ ಪರಿಶೀಲನೆ ಆಗಿಯೇ ಆಗುತ್ತದೆ" ಅನ್ನುತ್ತಾರೆ. ನಾವು ಸುಮ್ಮನೆ ಕೂರಬಹುದೇ?
(ಮಂಜೇಶ್ವರ ತಾಲೂಕಿನ ಓದುಗರು)

ಉತ್ತರ: ಕೂರಬೇಡಿ. ನಕ್ಷೆ ಕರಡಿನಲ್ಲಿರುವಾಗಲೇ ಬಾಯಿ ಬಿಡಬೇಕು. ಅದು ಅಂತಿಮವಾದ ಮೇಲೆ "ನಕ್ಷೆಯಲ್ಲಿ ಹೀಗಿದೆ" ಎಂಬ ಒಂದೇ ಮಾತು ಎಲ್ಲಕ್ಕೂ ಉತ್ತರವಾಗಿ ಬರುತ್ತದೆ.

ಫ್ಯಾಕ್ಟರಿ ಬರುವಾಗ ನೋಡುವ ಎಂಬ ಭರವಸೆ ಎಷ್ಟು ಗಟ್ಟಿ? ನಮ್ಮ ದೇಶದಲ್ಲಿ ಪರಿಸರ ಪರಿಣಾಮದ ಅಧ್ಯಯನ ನಡೆಯುವುದು ಕೇಂದ್ರ ಸರಕಾರ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ. ಅದರ ಪಟ್ಟಿಯಲ್ಲಿ ಹೆಸರಿರುವ ಯೋಜನೆಗಳಿಗೆ ಮಾತ್ರ ಅದು ಅನ್ವಯ. ಕಟ್ಟಡವಾದರೆ 20,000 ಚದರ ಮೀಟರ್ ಮುಟ್ಟಬೇಕು. ಒಂದು ಗೋದಾಮು, ಒಂದು ಸಿಮೆಂಟ್ ಬ್ಲಾಕ್ ಘಟಕ, ಒಂದು ಮರದ ಮಿಲ್ಲು, ಒಂದು ಲಾರಿ ಯಾರ್ಡು, ಇವು ಯಾವುವೂ ಆ ಲೆಕ್ಕಕ್ಕೆ ಸಿಗುವುದಿಲ್ಲ. ಸೌರ ವಿದ್ಯುತ್ ಘಟಕಕ್ಕಂತೂ ಆ ಪೂರ್ವಾನುಮತಿಯೇ ಬೇಡ. ಇಂಥವು ಹತ್ತು ಬಂದು ನಿಮ್ಮ ಪದವಿನ ಮೇಲೆ ಕೂತರೆ ಒಂದೊಂದಕ್ಕೂ ಬೇರೆ ಬೇರೆ ಲೈಸೆನ್ಸ್ ಸಿಗುತ್ತದೆ. ಹತ್ತೂ ಸೇರಿ ನೆಲಕ್ಕೇನಾಯಿತು ಎಂದು ಕೇಳುವ ಕಚೇರಿ ಎಲ್ಲಿಯೂ ಇಲ್ಲ.

ಇನ್ನು ಪಟ್ಟಿಗೆ ಸೇರುವಂಥ ದೊಡ್ಡ ಯೋಜನೆಯೇ ಬಂತು ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಜಾಗ ಖರೀದಿಯಾಗಿ, ಸಾಲ ಮಂಜೂರಾಗಿ, ರಸ್ತೆಗೆ ಜಲ್ಲಿ ಬಿದ್ದಿರುತ್ತದೆ. ಅಧ್ಯಯನದ ವರದಿ ಬರೆಯುವ ಸಂಸ್ಥೆಗೆ ಸಂಬಳ ಕೊಡುವವರೂ ಯೋಜನೆಯವರೇ. "ಇಲ್ಲಿ ಬೇಕೇ, ಬೇರೆ ಕಡೆ ಆಗದೇ" ಎಂಬ ಪ್ರಶ್ನೆಗೆ ಅಲ್ಲಿ ಜಾಗ ಉಳಿದಿರುವುದಿಲ್ಲ. ಆ ಪ್ರಶ್ನೆಯನ್ನು ಕೇಳಲು ಸರಿಯಾದ ಹೊತ್ತು ಯಾವುದೆಂದರೆ ನಕ್ಷೆಗೆ ಬಣ್ಣ ಹಚ್ಚುವ ಹೊತ್ತು. ಐರೋಪ್ಯ ಒಕ್ಕೂಟದವರು 2001ರಲ್ಲೇ ಇದನ್ನು ನಿಯಮ ಮಾಡಿಕೊಂಡರು: ಒಂದೊಂದು ಯೋಜನೆಗೆ ಮಾತ್ರವಲ್ಲ, ಊರಿನ ಭೂಬಳಕೆಯ ಪ್ಲಾನಿಗೂ ಮೊದಲೇ ಪರಿಸರ ಪರಿಶೀಲನೆ ಆಗಬೇಕು ಎಂದು. ನಮ್ಮಲ್ಲಿ ಅಂಥ ಕಡ್ಡಾಯದ ಕಾನೂನು ಇಲ್ಲ. ಆದರೆ ಪಂಚಾಯತು ತಾನಾಗಿ ಮಾಡಿಕೊಂಡರೆ ತಡೆಯುವ ಕಾನೂನೂ ಇಲ್ಲ.

ಈಗ ನಿಮ್ಮ ಪದವಿನ ವಿಷಯ. ಕಂದಾಯ ದಾಖಲೆಯಲ್ಲಿ ಇಂಥ ಜಾಗಕ್ಕೆ ಬಂಜರು ಎಂದು ಬರೆದಿರುತ್ತಾರೆ. ಬಂಜರು ಎಂದ ಮೇಲೆ ಪ್ಲಾನ್ ಮಾಡುವವರ ಕಣ್ಣಿಗೆ ಅದು ಖಾಲಿ ಜಾಗ. ಜೂನ್ ತಿಂಗಳಲ್ಲಿ ಒಂದು ದೊಡ್ಡ ಮಳೆ ಬಿಟ್ಟ ಮೇಲೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕಪ್ಪು ಪಾದೆಯ (ಕಲ್ಲುಹಾಸಿನ) ಮೇಲೆ ಅಂಗೈಯಗಲದಿಂದ ಚಾಪೆಯಗಲದ ವರೆಗಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಒಂದು ಗುಂಡಿಯ ಹತ್ತಿರ ಕೂತು ನೋಡಿದರೆ ನೀರಿನ ಮಟ್ಟ ಇಳಿಯುವುದು ಕಣ್ಣಿಗೇ ಗೊತ್ತಾಗುತ್ತದೆ. ಅಂಚಿನ ಬಿರುಕಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಾ ಇರುತ್ತವೆ. ಆ ನೀರು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದುಗಳಲ್ಲಿ ಇಳಿದು, ಅಡಿಯ ಜೇಡಿಮಣ್ಣಿನ ಪದರಕ್ಕೆ ತಾಗಿ, ಇನ್ನು ಕೆಳಗಿಳಿಯಲಾರದೆ ಅಡ್ಡಕ್ಕೆ ಸರಿಯುತ್ತದೆ. ಸುರಂಗ ತೋಡಿದವರು ಹುಡುಕಿಕೊಂಡು ಹೋದದ್ದು ಈ ಅಡ್ಡ ಹರಿಯುವ ಒಸರನ್ನು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ, ಕೈಯಲ್ಲಿ ಗಿಡ್ಡ ಕಾವಿನ ಪಿಕ್ಕಾಸು, ಉಸಿರಿಗೆ ಗಾಳಿ ಉಂಟೋ ಇಲ್ಲವೋ ಎಂದು ತಿಳಿಯಲು ಒಂದು ದೀಪ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಗಳಲ್ಲಿ ಹೀಗೆ ತೋಡಿದ ಸುರಂಗಗಳು ಪಂಪಿಲ್ಲದೆ, ಕರೆಂಟಿಲ್ಲದೆ ತಲೆಮಾರುಗಳಿಂದ ನೀರು ಕೊಡುತ್ತಿವೆ. ಮೇಲಿನ ಪಾದೆಯನ್ನು ಸಮತಟ್ಟು ಮಾಡಿ ಕಾಂಕ್ರೀಟ್ ಹಾಕಿದರೆ ಅದೇ ಮಳೆ ಚರಂಡಿಯಲ್ಲಿ ಒಂದೇ ಗಂಟೆಯಲ್ಲಿ ಕೆಳಗೆ ಹೋಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಹಾಗಿದ್ದರೂ 2017ರ ಅಂತರ್ಜಲ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ಸ್ಥಿತಿಯ ಪಟ್ಟಿಗೆ ಸೇರಿತ್ತು.

ಗುಡ್ಡೆಯ ಮೇಲೆ ಏನು ಮಾಡಿದರೂ ಅದು ಬುಡದ ಮನೆಯ ಕೊಡಪಾನಕ್ಕೆ ಬರುತ್ತದೆ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೊಸತಾಗಿ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆಯಂಥ ಊರಿನಲ್ಲಿ ತೋಟ ಮೇಲೆ, ತೋಡು (ಹಳ್ಳ) ಕೆಳಗೆ, ಸುರಂಗ ನಡುವೆ. ಆ ಗುಡ್ಡೆಗಳಲ್ಲಿ ಇಂಥ ತೋಟ ಬರಬೇಕು ಎಂದು ತೀರ್ಮಾನಿಸಿದ ದಿನ ಒಬ್ಬರಾದರೂ ಕೆಳಗಿನ ನೀರಿನ ದಾರಿ ನೋಡಿದ್ದರೆ ಎಂದು ನಾನು ಇವತ್ತಿಗೂ ಹೊಟ್ಟೆ ಉರಿಸಿಕೊಳ್ಳುತ್ತೇನೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಆ ವಿಷದ ನಡುವೆಯೇ ಹುಟ್ಟಿಯಾಗಿತ್ತು.

ಹಾಗಾಗಿ ಆಕ್ಷೇಪ ಬರೆಯಿರಿ. "ಕೈಗಾರಿಕೆ ಬೇಡ" ಎಂದಷ್ಟೇ ಬರೆದರೆ ಬದಿಗಿಟ್ಟುಬಿಡುತ್ತಾರೆ. ಸುರಂಗ ಎಲ್ಲಿದೆ, ಎಷ್ಟು ಮನೆಗೆ ನೀರು, ಬೇಸಗೆಯಲ್ಲಿ ಯಾವ ತಿಂಗಳ ವರೆಗೆ ಬರುತ್ತದೆ, ಯಾವ ಸರ್ವೆ ನಂಬ್ರದ ಪಾದೆಯಿಂದ ನೀರು ಇಳಿಯುತ್ತದೆ ಎಂಬುದನ್ನು ಮನೆಮನೆಯ ಸಹಿಯೊಂದಿಗೆ ಬರೆಯಿರಿ. ಸರ್ವೆ ನಂಬ್ರ ಇರುವ ಆಕ್ಷೇಪಕ್ಕೆ ಉತ್ತರ ಕೊಡದೆ ದಾಟಿ ಹೋಗುವುದು ಅವರಿಗೂ ಕಷ್ಟ.

ಪ್ರಶ್ನೆ: ನಾನು ವಾರ್ಡ್ ಮೆಂಬರ್. ಪರಿಸರ ನೋಡಿ ಪ್ಲಾನ್ ಮಾಡಬೇಕು ಎಂಬುದಕ್ಕೆ ನನ್ನ ವಿರೋಧ ಇಲ್ಲ. ಆದರೆ ನಮ್ಮ ಪಂಚಾಯತಿನಲ್ಲಿ ತಜ್ಞರಿಲ್ಲ, ಅಧ್ಯಯನಕ್ಕೆ ಹಣವೂ ಇಲ್ಲ. ಎಲ್ಲಿಂದ ಶುರು ಮಾಡುವುದು ಟೀಚರ್?
(ಬದಿಯಡ್ಕ ಭಾಗದ ಓದುಗರು)

ಉತ್ತರ: ಮೆಂಬರೇ, ನಿಮ್ಮ ಪಂಚಾಯತು ಆಫೀಸಿನ ಕಪಾಟಿನಿಂದಲೇ ಶುರು ಮಾಡಿ. ಬೇಕಾದ ಮಾಹಿತಿಯಲ್ಲಿ ಹೆಚ್ಚಿನಂಶ ಅಲ್ಲಿ ಈಗಾಗಲೇ ಇದೆ. 2002ರ ಕಾನೂನಿನ ಪ್ರಕಾರ ಮಾಡಿದ ಜೀವವೈವಿಧ್ಯ ದಾಖಲೆ ಪುಸ್ತಕ ಇರಬೇಕು. ಬನ, ಕಾನ, ಮದಕ (ಕೆರೆ), ಹೊಳೆಮೀನು, ಔಷಧಿ ಗಿಡ ಎಲ್ಲ ಅದರಲ್ಲಿ ಬರೆದಿರಬೇಕು. ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆಯ 2008ರ ಕಾನೂನಿನಂತೆ ಮಾಡಿದ ಡೇಟಾ ಬ್ಯಾಂಕ್ (ಅಂಥ ನೆಲಗಳ ಪಟ್ಟಿ) ಕೃಷಿ ಭವನದಲ್ಲಿ ಸಿಗುತ್ತದೆ, ಸರ್ವೆ ನಂಬ್ರದ ಸಮೇತ. 2018 ಮತ್ತು 2019ರ ನೆರೆಯ ಮೇಲೆ ಕೇರಳದ ಎಲ್ಲ ಸ್ಥಳೀಯ ಸಂಸ್ಥೆಗಳೂ ವಿಪತ್ತು ನಿರ್ವಹಣಾ ಯೋಜನೆ ಬರೆದವು. ಗುಡ್ಡ ಜರಿಯುವ ಜಾಗ, ನೀರು ನುಗ್ಗುವ ಜಾಗ ಅದರಲ್ಲಿದೆ. ರಾಜ್ಯ ಸರಕಾರದ ಹರಿತ ಕೇರಳ ಮಿಷನ್ನಿನವರ ಜಲ ಬಜೆಟ್ (ಊರಿನ ನೀರಿನ ಆಯವ್ಯಯದ ಲೆಕ್ಕ) ಆಗಿದ್ದರೆ ಅದೂ ಇರುತ್ತದೆ. ಒಂದನ್ನು ಮಾಡಿಸಿದ್ದು ಕೃಷಿಯವರು, ಇನ್ನೊಂದನ್ನು ಕಂದಾಯದವರು, ಮತ್ತೊಂದನ್ನು ನಮ್ಮ ಸಮಿತಿಯವರು. ಈ ಫೈಲುಗಳನ್ನು ಒಟ್ಟಿಗೆ ಒಂದೇ ಮೇಜಿನ ಮೇಲೆ ಬಿಡಿಸಿದವರು ಮಾತ್ರ ಕಡಿಮೆ. ಮಾಸ್ಟರ್ ಪ್ಲಾನ್ ಮಾಡಲು ಬಂದವರ ಕೈಗೆ ಇವು ಹೋಗಿವೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.

ಬಿಡಿಸಿದ ಮೇಲೆ ಏನು ಮಾಡುವುದು ಎಂದರೆ, ನಾವು ಒಂದು ವಾರ್ಡಿನಲ್ಲಿ ಮಾಡಿದ್ದನ್ನು ಹೇಳುತ್ತೇನೆ. ವಿಲೇಜ್ ಆಫೀಸಿನಿಂದ ಸರ್ವೆ ನಕ್ಷೆಯ ಪ್ರತಿ ತಂದು ಶಾಲೆಯ ಎರಡು ಬೆಂಚು ಜೋಡಿಸಿ ಹಾಸಿದೆವು. ಅದರ ಮೇಲೆ ಅಡಿಯದ್ದು ಕಾಣುವ ಬಟರ್ ಪೇಪರ್. ಮೊದಲನೇ ಹಾಳೆಗೆ ನೀಲಿ ಪೆನ್ಸಿಲ್, ಬರೀ ನೀರು: ತೋಡು, ಮದಕ, ಸುರಂಗದ ಬಾಯಿ, ಮಾರ್ಚಿಗೆ ಬತ್ತುವ ಬಾವಿ, ಮೇ ತಿಂಗಳಲ್ಲೂ ಬತ್ತದ ಬಾವಿ, ಕಟ್ಟ (ನೀರು ತಡೆಯುವ ಒಡ್ಡು) ಕಟ್ಟುವ ಜಾಗ. ಎರಡನೇ ಹಾಳೆಗೆ ಕೆಂಪು: ಕಡಿದಾದ ಇಳಿಜಾರು, ಹಿಂದೆ ಜರಿದ ಜಾಗ, ಬರೆ (ಗುಡ್ಡದ ಕಡಿದಾದ ಬದಿ) ಕಡಿದು ಮನೆ ಕಟ್ಟಿದಲ್ಲಿ ಬಿರುಕು ಬಿಟ್ಟ ಜಾಗ. ಮೂರನೇದಕ್ಕೆ ಹಸಿರು: ಬನ, ಕಾಡು, ಗದ್ದೆ, ಪದವು. ಕೊನೆಯದಕ್ಕೆ ಪಂಚಾಯತು ಏನೇನು ಮಾಡಬೇಕೆಂದಿದೆಯೋ ಅದು: ರಸ್ತೆ, ಆಟದ ಮೈದಾನು, ಸ್ಮಶಾನ, ಕಸ ವಿಂಗಡಿಸುವ ಶೆಡ್ಡು, ಮನೆ ಇಲ್ಲದವರಿಗೆ ಮನೆ. ನಾಲ್ಕೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಾಗ ಕಸದ ಶೆಡ್ಡಿಗೆ ಗುರುತು ಹಾಕಿದ ಜಾಗ ಎರಡು ಸುರಂಗಗಳ ತಲೆಯ ಮೇಲೆಯೇ ಬಂತು. ಅಲ್ಲಿದ್ದ ಮುದುಕರೊಬ್ಬರು ಬೆರಳಿಟ್ಟು, "ಇದೇ ಗುಂಡಿ, ಇಲ್ಲಿ ನೀರು ಇಂಗುವುದು" ಎಂದರು. ಟೆಂಡರ್ ಇನ್ನೂ ಕರೆದಿರಲಿಲ್ಲ. ಶೆಡ್ಡು ತೋಡಿನಾಚೆಯ ಇನ್ನೊಂದು ಸರಕಾರಿ ತುಂಡು ಜಾಗಕ್ಕೆ ಹೋಯಿತು. ಜಗಳ ಇಲ್ಲ, ಕೋರ್ಟು ಇಲ್ಲ.

ಇದು ಹೊಸ ವಿದ್ಯೆಯಲ್ಲ. ಪಕ್ಕದ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಲ್ಲಿ 1990ರ ದಶಕದ ಆರಂಭದಲ್ಲೇ ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತಿನವರೂ ತಿರುವನಂತಪುರದ ಭೂವಿಜ್ಞಾನ ಕೇಂದ್ರದವರೂ ಊರಿನವರ ಜೊತೆ ನಡೆದು ಸಂಪನ್ಮೂಲ ನಕ್ಷೆ ಮಾಡಿದ್ದರು. ಊರಿನ ಯೋಜನೆಯನ್ನು ಊರಿನವರೇ ಮಾಡಬೇಕೆಂದು ಕೇರಳದಲ್ಲಿ ಶುರುವಾದ 1996ರ ಜನಕೀಯ ಯೋಜನೆಗೆ ಅಂಥ ಕೆಲಸಗಳೂ ದಾರಿ ತೋರಿಸಿದವು. ಆ ಹುರುಪು ಆಮೇಲೆ ಫಲಾನುಭವಿಗಳ ಪಟ್ಟಿಯಲ್ಲಿ ಕರಗಿಹೋದದ್ದು ನನಗೆ ತುಂಬಾ ಬೇಸರದ ವಿಷಯ.

ಕೆಂಪು ಹಾಳೆಯನ್ನು ದಯವಿಟ್ಟು ಬಿಡಬೇಡಿ. ಮುರಕಲ್ಲಿನ ಗುಡ್ಡೆ ಮೇಲಿಂದ ಗಟ್ಟಿ. ಒಳಗಿನ ಜೇಡಿ ಮೆತ್ತಗೆ. ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಜೇಡಿಯ ಪದರ ಹೊರಬಿದ್ದು, ಮಳೆಗೆ ನೆನೆದು ಜಾರುತ್ತದೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ. ದೊಡ್ಡ ರಸ್ತೆ ನಿಮ್ಮ ಕೈಯಲ್ಲಿಲ್ಲ. ಆದರೆ ಮನೆ ಇಲ್ಲದವರಿಗೆ ಐದು ಸೆಂಟ್ಸ್ ಜಾಗವನ್ನು ಎಲ್ಲಿ ಕೊಡುವುದು ಎಂಬುದು ಪಂಚಾಯತಿನ ಕೈಯಲ್ಲಿದೆ. ಬಡವರಿಗೆ ಯಾವಾಗಲೂ ಗುಡ್ಡೆಯ ಬರೆಯೇ ಸಿಗುವುದು ಯಾಕೆ ಎಂದು ಸಭೆಯಲ್ಲಿ ಕೇಳಿ.

ಪ್ರಶ್ನೆ: ಪರಿಸರ, ಪರಿಸರ ಎನ್ನುತ್ತಾ ಕೂತರೆ ಕಾಸರಗೋಡು ಉದ್ಧಾರ ಆಗುವುದು ಯಾವಾಗ? ಆಸ್ಪತ್ರೆಗೆ ಮಂಗಳೂರು, ಕೆಲಸಕ್ಕೆ ಗಲ್ಫ್. ನಿಮ್ಮಂಥವರ ಆಕ್ಷೇಪದಿಂದಲೇ ಇಲ್ಲಿಗೆ ಏನೂ ಬರುವುದಿಲ್ಲ.
(ಕುಂಬಳೆಯ ಓದುಗರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಜನ ದಾರಿಯಲ್ಲೇ ಪ್ರಾಣ ಬಿಟ್ಟರು. ನಮಗೆ ಆಸ್ಪತ್ರೆ ಬೇಕು, ಕೆಲಸ ಬೇಕು, ಮಕ್ಕಳು ಊರಲ್ಲೇ ನಿಲ್ಲುವಂತಾಗಬೇಕು. ನಾನು ಕೇಳುತ್ತಿರುವುದು "ಎಲ್ಲಿ" ಎಂಬುದನ್ನು ಮಾತ್ರ.

ನೆಲ ನೋಡಿ ಮೊದಲೇ ಜಾಗ ಗುರುತಿಸಿ ಇಟ್ಟ ಪಂಚಾಯತಿಗೆ ಉದ್ಯಮ ಬಂದರೆ, "ಇಗೋ ಈ ಜಾಗ, ಇಲ್ಲಿ ಯಾರ ನೀರಿಗೂ ತೊಂದರೆ ಇಲ್ಲ, ರಸ್ತೆಯೂ ಇದೆ" ಎಂದು ಒಂದೇ ದಿನದಲ್ಲಿ ತೋರಿಸಬಹುದು. ನೋಡದೆ ಇದ್ದಲ್ಲಿ ಏನಾಗುತ್ತದೆ? ಜಾಗ ಕೊಂಡ ಮೇಲೆ ಗಲಾಟೆ, ಸ್ಟೇ, ಟ್ರಿಬ್ಯೂನಲ್, ವರ್ಷಗಟ್ಟಲೆ ಕಾಯುವುದು. ಹೂಡಿದವರ ದುಡ್ಡೂ ಹೋಯಿತು, ಊರಿನ ನೆಮ್ಮದಿಯೂ ಹೋಯಿತು. ಎರಡು ಹಾಳೆ ಕಾಗದ ಮತ್ತು ಒಂದು ಮಳೆಗಾಲದ ತಾಳ್ಮೆಯಿಂದ ಇದನ್ನು ತಪ್ಪಿಸಬಹುದು ಎಂದು ಹೇಳುವುದು ಅಭಿವೃದ್ಧಿಗೆ ವಿರೋಧ ಎಂದು ನನಗೆ ಅನಿಸುವುದಿಲ್ಲ. ನಿಮ್ಮ ಊರಿನಲ್ಲಿ ಕೈಗಾರಿಕೆಗೆ ಯೋಗ್ಯವಾದ ಜಾಗ ನಿಮಗೆ ಗೊತ್ತಿದ್ದರೆ, ಆಕ್ಷೇಪ ಬರೆಯುವವರ ಜೊತೆ ನೀವೂ ಕೂತು ಅದನ್ನು ನಕ್ಷೆಯಲ್ಲಿ ಗುರುತಿಸಬೇಕು. ಬೇಡ ಎನ್ನುವವರು ಮಾತ್ರ ಬರೆದರೆ ನಕ್ಷೆ ಅರ್ಧವೇ ಆಗುತ್ತದೆ.

ಪ್ರಶ್ನೆ: ಪಾಲಿಗೆ ಬಂದ ಗದ್ದೆ ಡೇಟಾ ಬ್ಯಾಂಕಿನಲ್ಲಿದೆ. ಬೇರೆ ಜಾಗ ಇಲ್ಲ. ಮನೆ ಕಟ್ಟಲೇಬಾರದೇ?
(ನೀಲೇಶ್ವರದ ಓದುಗರು)

ಉತ್ತರ: ಕಟ್ಟಬಹುದು. ವಾಸಕ್ಕೆ ಬೇರೆ ಯೋಗ್ಯ ಜಾಗ ಇಲ್ಲದವರಿಗೆ ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಅವಕಾಶ ಕಾನೂನಿನಲ್ಲೇ ಇದೆ. ನಿಮ್ಮದು ನಗರಸಭೆಯಾದ್ದರಿಂದ 5 ಸೆಂಟ್ಸ್. ಸ್ಥಳೀಯ ನಿರೀಕ್ಷಣಾ ಸಮಿತಿಗೆ ಅರ್ಜಿ ಕೊಡಿ. ಕೃಷಿ ಅಧಿಕಾರಿ ಅದರ ಸಂಚಾಲಕರು, ರೈತರ ಪ್ರತಿನಿಧಿಗಳೂ ಅದರಲ್ಲಿ ಇರುತ್ತಾರೆ. ನನ್ನದೊಂದು ಕೋರಿಕೆ: ಮಣ್ಣು ತುಂಬುವಾಗ ಗದ್ದೆಯ ನೀರು ಹರಿಯುವ ಕಣಿಯನ್ನು ಮುಚ್ಚಬೇಡಿ. ನಿಮ್ಮ ಮೇಲಿನ ಗದ್ದೆಯವರು ಇನ್ನೂ ಬೇಸಾಯ ಮಾಡುತ್ತಿರಬಹುದು.

ಪ್ರಶ್ನೆ: ನಮ್ಮ ತೋಟ ಕೇರಳದಲ್ಲಿ, ಎದುರಿನ ಗುಡ್ಡೆ ಕರ್ನಾಟಕದಲ್ಲಿ. ಅಲ್ಲಿ ಜಲ್ಲಿ ಕೋರೆ ಶುರುವಾದ ಮೇಲೆ ತೋಡಿಗೆ ಹುಡಿ ಬಂದು ಕಟ್ಟ ತುಂಬುತ್ತಿದೆ. ಎರಡೂ ಕಡೆಯವರು "ನಮ್ಮ ವ್ಯಾಪ್ತಿ ಅಲ್ಲ" ಅನ್ನುತ್ತಾರೆ.
(ಪೆರ್ಲದ ಆಚೆಯ ಓದುಗರು)

ಉತ್ತರ: ಇದು ನಮ್ಮ ಗಡಿನಾಡಿನ ದೊಡ್ಡ ಸಂಕಟ. ನಮ್ಮ ಹೊಳೆಗಳಲ್ಲಿ ಹಲವಕ್ಕೆ ನೀರು ಬರುವುದೇ ಆಚೆಯಿಂದ. ಚಂದ್ರಗಿರಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ; ಜಿಲ್ಲೆಯ ಪ್ರಾಣಿ ಎಂದು ನಾವು 2023ರಲ್ಲಿ ಘೋಷಿಸಿಕೊಂಡ ದೊಡ್ಡ ಮೆದುಚಿಪ್ಪಿನ ಆಮೆ ಇರುವುದು ಅದೇ ನೀರಿನಲ್ಲಿ. ಪಂಚಾಯತಿನ ನಕ್ಷೆ ಮಾತ್ರ ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆ, ಆಚೆಗೆ ಬರೀ ಬಿಳಿ ಕಾಗದ.

ರಾಜ್ಯಗಳ ಗಡಿಯಿಂದ 5 ಕಿಲೋಮೀಟರ್ ಒಳಗೆ ಬರುವ ಕೆಲವು ಬಗೆಯ ಯೋಜನೆಗಳನ್ನು ರಾಜ್ಯದ ಬದಲು ಕೇಂದ್ರ ಮಟ್ಟದಲ್ಲೇ ಪರಿಶೀಲಿಸಬೇಕು ಎಂದು 2006ರ ಅಧಿಸೂಚನೆಯಲ್ಲಿದೆ. ಸಣ್ಣ ಕೋರೆಗೆ ಅದರಿಂದ ಹೆಚ್ಚು ಪ್ರಯೋಜನ ಸಿಗಲಾರದು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರಿಗಿಂತ ಚಿಕ್ಕ ಕೋರೆಗೂ ಪರಿಸರ ಪೂರ್ವಾನುಮತಿ ಬೇಕು ಎಂದು ಹೇಳಿದೆ. ಮೊದಲು ಆ ಕೋರೆಗೆ ಅನುಮತಿ ಪತ್ರ ಇದೆಯೇ, ಅದರಲ್ಲಿ ತೋಡಿನ ಬಗ್ಗೆ ಯಾವ ಷರತ್ತು ಹಾಕಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ನೀವು ಕೇರಳದವರಾದರೂ ಕರ್ನಾಟಕದ ಕಚೇರಿಗೆ ಅರ್ಜಿ ಹಾಕಲು ಅಡ್ಡಿ ಇಲ್ಲ. ಕೊಟ್ಟ ಷರತ್ತು ಮತ್ತು ನಿಮ್ಮ ಕಟ್ಟದ ಫೋಟೋ ಎರಡನ್ನೂ ಜೋಡಿಸಿ ಆಚೆಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಅದೇ ತೋಡಿನ ಆಚೆ ಬದಿಯಲ್ಲೂ ಕೃಷಿಕರಿದ್ದಾರೆ. ಅವರಲ್ಲಿ ನಿಮ್ಮ ನೆಂಟರೂ ಇರಬಹುದು. ಅವರ ಗ್ರಾಮಸಭೆಯಲ್ಲಿ ಅವರೂ, ನಿಮ್ಮ ಗ್ರಾಮಸಭೆಯಲ್ಲಿ ನೀವೂ ಒಂದೇ ಒಕ್ಕಣೆಯ ನಿರ್ಣಯ ಮಾಡಿಸಿ. ಒಂದು ತೋಡಿಗೆ ಎರಡು ಗ್ರಾಮಸಭೆಗಳ ನಿರ್ಣಯ ಇದ್ದರೆ ವ್ಯಾಪ್ತಿಯ ನೆಪ ಹೇಳಲು ಬರುವುದಿಲ್ಲ.

ಪ್ರಶ್ನೆ: ಗ್ರಾಮಸಭೆಗೆ ಹೋದರೆ ಕೋಳಿಮರಿ, ಗೊಬ್ಬರ, ಮನೆ ರಿಪೇರಿಯ ಪಟ್ಟಿ ಓದಿ ಮುಗಿಸುತ್ತಾರೆ. ಕರಡು ಪ್ಲಾನ್ ಮಲಯಾಳದಲ್ಲಿ ಮಾತ್ರ ಇದೆ. ನನ್ನ ತಾಯಿಗೆ ಓದಲಿಕ್ಕೇ ಬರುವುದಿಲ್ಲ. ಆಕ್ಷೇಪ ಕನ್ನಡದಲ್ಲಿ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ?
(ಮೀಯಪದವಿನ ಓದುಗರು)

ಉತ್ತರ: ತೆಗೆದುಕೊಳ್ಳಲೇಬೇಕು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ನಮಗಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಕೌಂಟರಿನಲ್ಲಿ ಗೊಣಗಿದರೆ ಈ ಕಾನೂನಿನ ಹೆಸರು ಹೇಳಿ, ಸೀಲು ಹಾಕಿದ ರಶೀದಿ ಪಡೆಯದೆ ಬರಬೇಡಿ. ಕರಡಿನ ಕನ್ನಡ ಪ್ರತಿ ಬೇಕೆಂದು ಬೇರೆಯೇ ಒಂದು ಅರ್ಜಿ ಕೊಡಿ. ಸುರಂಗದ ಬಾಯಿ ಎಲ್ಲಿದೆ, ಯಾವ ವರ್ಷ ತೋಡಿದ್ದು, ಯಾವ ವರ್ಷ ಬತ್ತಿತ್ತು ಎಂದು ಚೆನ್ನಾಗಿ ಬಲ್ಲವರು ನಿಮ್ಮ ತಾಯಿಯ ವಯಸ್ಸಿನವರು. ಅವರಿಗೆ ಓದಲಾಗದ ಕಾಗದದ ಮೇಲೆ ಅವರ ಊರಿನ ನೆಲದ ತೀರ್ಮಾನ ಆಗುವುದು ಸಲ್ಲದು.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ನಡೆಯಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಸೇರಿದರೆ ಕೋರಂ. ಸಭೆಯ ದಿನ ಎದ್ದು ನಿಂತು ಮಾತಾಡಿದರೆ ಹೆಚ್ಚು ಕಡತಕ್ಕೆ ಹೋಗುವುದಿಲ್ಲ. ಮುಂಚಿತವಾಗಿ ಮೆಂಬರರ ಕೈಗೆ ಬರಹದಲ್ಲಿ ವಿಷಯ ಕೊಡಿ: "ಮಾಸ್ಟರ್ ಪ್ಲಾನಿನ ಕರಡನ್ನು ಜೀವವೈವಿಧ್ಯ ದಾಖಲೆ, ಡೇಟಾ ಬ್ಯಾಂಕ್, ವಿಪತ್ತು ಯೋಜನೆ ಇವುಗಳೊಂದಿಗೆ ಹೋಲಿಸಿ ನೋಡಿದ ವರದಿಯನ್ನು ಈ ಸಭೆಯ ಮುಂದೆ ಇಡಬೇಕು." ಇಷ್ಟೇ ಸಾಕು. ಆ ವಾಕ್ಯ ನಡವಳಿ ಪುಸ್ತಕದಲ್ಲಿ ಬಂದಿದೆಯೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ. ಬರದಿದ್ದರೆ ಸೇರಿಸುವ ವರೆಗೆ ಎದ್ದು ಬರಬೇಡಿ. ನಡವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಆಕ್ಷೇಪ ಸಲ್ಲಿಸುವ ಕೊನೆಯ ದಿನ ಯಾವುದೆಂದು ಪ್ರಕಟಣೆಯಲ್ಲಿ ಹಾಕಿರುತ್ತಾರೆ. ನಾಳೆಯೇ ಪಂಚಾಯತಿನ ನೋಟೀಸ್ ಬೋರ್ಡ್ ನೋಡಿ, ಆ ತಾರೀಕನ್ನು ಅಕ್ಕಪಕ್ಕದ ಮನೆಯವರಿಗೂ ತಿಳಿಸಿ.